ಎರಡು ವರ್ಷ ಪಾಠ ಮಾಡಿ ಬರಲಾ, ಟೀಚರ್?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಮುಖ್ಯಶಿಕ್ಷಕಿಯ ಉತ್ತರ

ಪ್ರಶ್ನೆ: ನಮಸ್ಕಾರ ಟೀಚರ್. ಈ ವರ್ಷ ಬಿ.ಇ. ಮುಗಿಸಿದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಟೀಚ್ ಫಾರ್ ಇಂಡಿಯಾ ಫೆಲೋಶಿಪ್‌ಗೂ ಅರ್ಜಿ ಹಾಕಿದ್ದೆ, ಅಲ್ಲೂ ಆಯ್ಕೆಯಾಗಿದ್ದೇನೆ. ಎರಡು ವರ್ಷ ಬಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡಬೇಕು. ಅಪ್ಪ, 'ಇಂಜಿನಿಯರಿಂಗ್ ಓದ್ಸಿದ್ದು ಸಾಲಿ ಮಾಸ್ತರಕಿ ಮಾಡ್ಲಾಕೇನು?' ಅಂತಾರೆ. ನನಗೆ ನಮ್ಮ ಕಡೆಯ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಆಸೆ. ಏನು ಮಾಡಲಿ?
— ಹೆಸರು ಬೇಡ, ಕಲಬುರಗಿ

ಉತ್ತರ: ನೋಡವ್ವಾ, ಮೊದಲು ಒಂದು ವಿಷಯ ತಿಳ್ಕೊ. ಈ ಫೆಲೋಶಿಪ್ ನಿನ್ನನ್ನು ಯಾದಗಿರಿಗೋ ಸೇಡಂಗೋ ಕಳಿಸುವುದಿಲ್ಲ. ಶಹೀನ್ ಮಿಸ್ತ್ರಿ ಅವರು ಕಟ್ಟಿದ ಈ ಸಂಸ್ಥೆಯ ಮೊದಲ ತಂಡ 2009ರಲ್ಲಿ ಮುಂಬೈ, ಪುಣೆಯ ಶಾಲೆಗಳಿಗೆ ಹೋಯಿತು. ಈಗಲೂ ದೊಡ್ಡ ನಗರಗಳಲ್ಲೇ ಕೆಲಸ. ನಮಗೆ ಹತ್ತಿರ ಅಂದರೆ ಹೈದರಾಬಾದ್, ಇಲ್ಲವೇ ಬೆಂಗಳೂರು. ಇದರ ಮೂಲ ಅಮೆರಿಕದಲ್ಲಿದೆ. ವೆಂಡಿ ಕಾಪ್ ಅನ್ನುವ ವಿದ್ಯಾರ್ಥಿನಿ 1989ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಬರೆದ ಪ್ರಬಂಧದಲ್ಲೇ ಈ ಯೋಚನೆ ಇತ್ತು. ಚೆನ್ನಾಗಿ ಓದಿದ ಹುಡುಗ ಹುಡುಗಿಯರು ಎರಡು ವರ್ಷ ಕಷ್ಟದ ಶಾಲೆಯಲ್ಲಿ ಪಾಠ ಮಾಡಲಿ, ಆಮೇಲೆ ವಕೀಲರಾಗಲಿ, ಅಧಿಕಾರಿಯಾಗಲಿ, ಆ ಶಾಲೆ ಅವರ ತಲೆಯಿಂದ ಹೋಗಲ್ಲ ಅನ್ನೋದು ಲೆಕ್ಕಾಚಾರ. ಅದನ್ನು ನಾನು ಪೂರ್ತಿ ನಂಬಲ್ಲ. ಆದರೆ ತಪ್ಪು ಅಂತಲೂ ಹೇಳಲ್ಲ.

ಬೆಂಗಳೂರಿಗೆ ಹೋದರೆ ನಮ್ಮ ಕಡೆಯ ಮಕ್ಕಳು ಸಿಗಲ್ಲ ಅಂದ್ಕೋಬೇಡ. ಸುರಪುರ, ಶಹಾಪುರದಿಂದ ಗಾರೆ ಕೆಲಸಕ್ಕೆ ಹೋದವರ ಮಕ್ಕಳು ಅಲ್ಲೇ ಯಾವುದೋ ಶೆಡ್ಡಿನಲ್ಲಿ ಇರುತ್ತಾರೆ. 'ಬ್ಯಾಡ್ರಿ', 'ಅದರಿ' ಅಂದಾಗ ಉಳಿದ ಮಕ್ಕಳು ನಗುವ ಕ್ಲಾಸಿನಲ್ಲಿ ನಿನ್ನಂಥ ಟೀಚರ್ ಒಬ್ಬಳಿದ್ದರೆ ಆ ಮಗುವಿಗೆ ಎಷ್ಟೋ ಧೈರ್ಯ.

ಇಲ್ಲ, ಇಲ್ಲಿಯೇ ಇರಬೇಕು ಅಂದರೆ ಅದಕ್ಕೂ ಕಾರಣ ಬೇಕಾದಷ್ಟಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36. ಯಾದಗಿರಿಯದು ಶೇ. 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಇನ್ನೂ ಕೆಳಗೆ, ಶೇ. 41ರ ಹತ್ತಿರ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿಯಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ಅವರು ಹೆಚ್ಚಾಗಿ ಸರ್ಕಾರಿ ಶಿಕ್ಷಕರ ಜೊತೆ ಸೇರಿ ಕೆಲಸ ಮಾಡುತ್ತಾರೆ. ಅಲ್ಲೂ ವಿಚಾರಿಸು. ಮುಂದೆ ಆರರಿಂದ ಎಂಟನೇ ತರಗತಿಗೆ ಸರ್ಕಾರಿ ಶಿಕ್ಷಕಿಯೇ ಆಗಬೇಕು ಅನ್ನಿಸಿದರೆ ಬಿ.ಎಡ್.ನಂಥ ಶಿಕ್ಷಕ ತರಬೇತಿ, ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡೂ ಬೇಕು. ಫೆಲೋಶಿಪ್ ಅನುಭವ ಅದರ ಬದಲಿಗೆ ನಡೆಯಲ್ಲ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರನ್ನು ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಇತ್ತು. ಈ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಇರುವುದರಿಂದ ನಮ್ಮವರಿಗೆ ದಾರಿ ಇದೆ.

ಅಪ್ಪನ ಹತ್ತಿರ 'ಸೇವೆ', 'ತ್ಯಾಗ' ಅಂತೆಲ್ಲ ಮಾತಾಡಬೇಡ. ಅವರಿಗೆ ಇನ್ನೂ ಭಯ ಆಗುತ್ತದೆ. ತಿಂಗಳಿಗೆ ಎಷ್ಟು ಕೊಡುತ್ತಾರೆ, ಬಾಡಿಗೆಗೆ ಎಷ್ಟು ಹೋಗುತ್ತದೆ, ಎರಡು ವರ್ಷದ ಮೇಲೆ ಏನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡು. ಕೆಲಸಕ್ಕೆ ಸೇರುವ ದಿನ ಮುಂದೆ ಹಾಕ್ತೀರಾ ಅಂತ ಕಂಪನಿಗೂ ಕೇಳು. ಕೇಳೋಕೆ ದುಡ್ಡು ಕೊಡಬೇಕಾ?

ಇನ್ನೊಂದು ಕೆಲಸ ಮಾಡು. ನಿಮ್ಮ ಓಣಿಯ ಸರ್ಕಾರಿ ಶಾಲೆಗೆ ಹೋಗಿ, ಮುಖ್ಯಶಿಕ್ಷಕರ ಒಪ್ಪಿಗೆ ಕೇಳಿ, ಒಂದು ವಾರ ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಕೂತ್ಕೊ. ಪಾಠ ಮಾಡಬೇಡ, ಸುಮ್ನೆ ನೋಡು. ಗುರುವಾರದ ಹೊತ್ತಿಗೆ ಬೇಜಾರಾದರೆ ಕಂಪನಿಗೆ ಹೋಗು, ತಪ್ಪೇನಿಲ್ಲ. 'ಆ ಮೂಲೆಯ ಹುಡುಗ ಯಾಕೆ ಬಾಯಿ ಬಿಡಲ್ಲ?' ಅಂತ ರಾತ್ರಿಯೂ ತಲೆಯಲ್ಲಿ ಓಡುತ್ತಿದ್ದರೆ ಫೆಲೋಶಿಪ್ ಕಾಗದಕ್ಕೆ ಸಹಿ ಹಾಕು.

ಪ್ರಶ್ನೆ: ಬಿ.ಎಸ್ಸಿ. ಓದಿ, ಒಂದು ಸಂಸ್ಥೆಯ ಮೂಲಕ ತಾಂಡಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅರ್ಧ ಮಕ್ಕಳಿಗೆ ಓದೋಕೆ ಬರಲ್ಲ. ದೀಪಾವಳಿ ಆದಮೇಲೆ ಹಾಜರಿಯೂ ಕಡಿಮೆಯಾಗಿದೆ. ಏನು ಹೇಳಿದರೂ ಮುಖ್ಯಶಿಕ್ಷಕರು, 'ನೀವು ಹೋದ ಮ್ಯಾಲೆ ಮತ್ತ ನಾವೇ ಅಲ್ರಿ' ಅಂತಾರೆ. ತರಬೇತಿಯಲ್ಲಿ ನಾಯಕತ್ವದ ಬಗ್ಗೆ ಬಹಳ ಹೇಳಿದ್ದರು. ಇಲ್ಲಿ ನನಗೆ ಕಿಮ್ಮತ್ತೇ ಇಲ್ಲ.
— ಒಬ್ಬ ಯುವ ಶಿಕ್ಷಕ, ಚಿತ್ತಾಪುರ ತಾಲೂಕು

ಉತ್ತರ: ತಮ್ಮಾ, ನಿಮ್ಮ ಮುಖ್ಯಶಿಕ್ಷಕರು ಹೇಳಿದ್ದರಲ್ಲಿ ಸುಳ್ಳೇನಿದೆ? ನೀನು ಹೋದಮೇಲೂ ಅವರೇ ಇರಬೇಕು. ಅವರ ಒಂದು ದಿನ ಹೇಗಿರುತ್ತದೆ ನೋಡು. ಹಾಲಿನ ಪುಡಿಯ ದಾಸ್ತಾನು, ಬಿಸಿಯೂಟದ ಲೆಕ್ಕ, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಬೇಕೆನ್ನುವವರೆಷ್ಟು, ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ದಾಖಲೆ) ಮಕ್ಕಳ ಮಾಹಿತಿ, ಮೇಲೆ ಮತದಾರರ ಪಟ್ಟಿ ಕೆಲಸ. ನಮ್ಮ ಭಾಗದ ಮಕ್ಕಳಿಗೆ 2021ರ ಡಿಸೆಂಬರಿನಿಂದ ಮೊಟ್ಟೆ ಸಿಗುತ್ತಿರುವುದು ದೊಡ್ಡ ಸಂಗತಿಯೇ. ಆದರೆ ಆ ಮೊಟ್ಟೆಯ ಲೆಕ್ಕ ಬರೆಯೋರು ಯಾರು? ನಿನಗೆ ಕಂಪ್ಯೂಟರ್ ಬರುತ್ತದಲ್ಲ, ವಾರಕ್ಕೊಂದು ಸಂಜೆ ಆ ಎಂಟ್ರಿ ಮಾಡಿಕೊಡು. ಚಹಾ ಕುಡೀತಾ ಅವರಾಗಿಯೇ ನಾಲ್ಕನೇ ಕ್ಲಾಸಿನ ಮಾತು ತೆಗೀತಾರೆ.

ಈಗ ಓದಿನ ವಿಷಯ. 'ಅರ್ಧ ಮಕ್ಕಳಿಗೆ ಓದೋಕೆ ಬರಲ್ಲ' ಅನ್ನೋದು ಬರೀ ದೂರು ಆಯ್ತು. ಯಾವ ಮಗು ಎಲ್ಲಿ ನಿಂತಿದೆ ಅನ್ನೋದು ಗೊತ್ತಾಗಬೇಕು. ಒಂದೊಂದೇ ಮಗುವನ್ನು ಜಗಲಿಗೆ ಕರೆದು ಕೂರಿಸಿಕೊ. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ನಾಲ್ಕು ಸಾಲು, ಕೊನೆಗೊಂದು ಸಣ್ಣ ಕಥೆ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ನಡೆಸುವ ಅಸರ್ ಸಮೀಕ್ಷೆಯಲ್ಲೂ ಇವೇ ನಾಲ್ಕು ಹಂತ. ಒಂದು ಮಗುವಿಗೆ ಎರಡು ಮೂರು ನಿಮಿಷ ಸಾಕು.

ಕಾಗುಣಿತ ಬರುವ ಮಕ್ಕಳು ಬಹಳ ಸಿಗ್ತಾರೆ. ಆದರೆ ಹೇಗೆ ಬರುತ್ತದೆ? ಕ, ಕಾ, ಕಿ, ಕೀ ಅಂತ ಹಾಡಿನ ಹಾಗೆ ಒಪ್ಪಿಸ್ತಾರೆ. ನಡುವೆ ತಡೆದು 'ಕೇ ಎಲ್ಲಿದೆ, ತೋರಿಸು' ಅಂದರೆ ಮತ್ತೆ ಕ-ದಿಂದ ಶುರು ಮಾಡಿ, ಬೆರಳು ಜರುಗಿಸುತ್ತಾ ಅಲ್ಲಿಗೆ ಬರ್ತಾರೆ. ಇನ್ನು ಕೆಲವರು ಒತ್ತಕ್ಷರದಲ್ಲಿ ಬೀಳ್ತಾರೆ. 'ಹಕ್ಕಿ' ಇದ್ದರೆ 'ಹಕಿ', 'ಎಮ್ಮೆ' ಇದ್ದರೆ 'ಎಮೆ'. ಇಬ್ಬರ ಕಷ್ಟವೂ ಬೇರೆ, ಕೊಡಬೇಕಾದ ಅಭ್ಯಾಸವೂ ಬೇರೆ. ನಲಿಕಲಿ (ಆಟ, ಚಟುವಟಿಕೆಯಿಂದ ಕಲಿಸುವ ಪದ್ಧತಿ) ಇರೋದು ಮೂರನೇ ಕ್ಲಾಸಿನವರೆಗೆ. ಅಲ್ಲಿಯವರೆಗೆ ಕಾರ್ಡು, ಗುಂಪು, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ. ನಾಲ್ಕಕ್ಕೆ ಬಂದ ಕೂಡಲೇ ದಪ್ಪ ಪುಸ್ತಕ, ಉದ್ದ ಪಾಠ. ನಮ್ಮ ಮಕ್ಕಳು ಹೆಚ್ಚಾಗಿ ಕಳೆದುಹೋಗೋದು ಈ ದಾಟುವ ಜಾಗದಲ್ಲೇ. ಹಾಗಾಗಿ ದಿನಕ್ಕೊಂದು ಗಂಟೆ ಮೂರು, ನಾಲ್ಕು, ಐದನೇ ಕ್ಲಾಸಿನವರನ್ನು ಒಟ್ಟಿಗೆ ಸೇರಿಸು. ಯಾವ ಕ್ಲಾಸು ಅಂತ ನೋಡಬೇಡ, ಎಷ್ಟು ಓದ್ತಾರೆ ಅಂತ ನೋಡಿ ಗುಂಪು ಮಾಡು. ಐದನೇ ಕ್ಲಾಸಿನ ದೊಡ್ಡ ಹುಡುಗರಿಗೆ ಮೊದಲೆರಡು ದಿನ ನಾಚಿಕೆ ಆಗುತ್ತದೆ, ಆಮೇಲೆ ಹೊಂದಿಕೊಳ್ತಾರೆ.

ತಾಂಡಾ ಅಂದೆಯಲ್ಲ, ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಅವರಿಗೆ ಶಾಲೆಯ ಭಾಷೆ. ಸುರಪುರ ತಾಲೂಕಿನ ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಬಹಳ ದಿನ ತುಟಿ ಬಿಚ್ಚಿರಲಿಲ್ಲ. ಒಂದು ದಿನ ಪಾಟಿಯ ಮೇಲೆ 'ಯಾಡಿ' ಅಂತ ಬರೆದು ಮುಂದಿಟ್ಟೆ. ಅವರಲ್ಲಿ ತಾಯಿಗೆ ಹಾಗನ್ನುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು, ನಕ್ಕಳು, ಪಾಟಿ ಕಸಿದುಕೊಂಡು ಪಕ್ಕದವಳಿಗೆ ತೋರಿಸಿದಳು. 'ಪಾಣಿ', 'ಬಾಟಿ' ಎಲ್ಲ ಆದಮೇಲೆ ನೀರು, ರೊಟ್ಟಿ ಬಂದವು. ನಿಮ್ಮ ತಾಂಡಾದ ಅಜ್ಜಿಯರ ಹತ್ತಿರ ಕೂತು ಇಂಥ ಪದಗಳನ್ನು ಬರೆದುಕೊ.

ಹಾಜರಿ ಕಡಿಮೆಯಾಗೋಕೆ ಕಾರಣ ಎರಡು, ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡು. ಕೆಲವು ಮಕ್ಕಳು ಊರಲ್ಲೇ ಇರ್ತಾರೆ. ಹತ್ತಿ ಬಿಡಿಸೋದು, ತೊಗರಿ ಕಟಾವು ಅಂತ ಅವ್ವ-ಅಪ್ಪ ಹೊಲಕ್ಕೆ ಹೋದರೆ ಕೂಸು ಹಿಡ್ಕೊಳ್ಳೋಕೆ ಅಕ್ಕ ಬೇಕು. ಅಂಥ ಮನೆಯ ಕೂಸನ್ನು ಅಂಗನವಾಡಿಗೆ ಸೇರಿಸಿದರೆ ಅಕ್ಕ ಶಾಲೆಗೆ ಬರ್ತಾಳೆ. ಕೂಸು ತೀರಾ ಸಣ್ಣದಿದ್ದರೆ ಕಂಕುಳಲ್ಲಿ ಹೊತ್ತುಕೊಂಡೇ ಬರಲಿ, ಅಳುತ್ತದೆ, ಅಳಲಿ. ಇನ್ನು ಕೆಲವರು ಗುಳೆ ಹೋಗಿರ್ತಾರೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ, ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೋ. ಯುಗಾದಿ ಹೊತ್ತಿಗೆ ಬಂದರೆ ಬಂದರು. ಇವರಿಗೆ ಹೋದಮೇಲೆ ಏನೂ ಮಾಡೋಕಾಗಲ್ಲ. ದಸರೆಗೂ ಮೊದಲೇ ಮನೆ ಮನೆಗೆ ಹೋಗಿ ಕೇಳಬೇಕು: ಯಾರು ಹೋಗ್ತೀರಿ, ಮಗುವನ್ನು ಅಜ್ಜಿಯ ಹತ್ತಿರ ಬಿಡ್ತೀರಾ? ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗೆ ಹಂಗಾಮಿನ ಹಾಸ್ಟೆಲ್ ನಡೆಸೋಕೆ ಅವಕಾಶ ಇದೆ. ಹೆಸರುಗಳ ಪಟ್ಟಿಯನ್ನು ಮುಖ್ಯಶಿಕ್ಷಕರ ಸಹಿಯೊಂದಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಗೆ ಕೊಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ. ಈ ವರ್ಷ ತಪ್ಪಿದೆ, ಬರುವ ವರ್ಷ ತಪ್ಪಬಾರದು. ಹೋಗುವವರ ಕೈಗೆ ಮಗುವಿನ ಎಸ್‌ಎಟಿಎಸ್ ನಂಬರ್ ಬರೆದ ಚೀಟಿ ಕೊಡು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು, ಟಿ.ಸಿ. ತಡವಾಯಿತು ಅಂತ ಹೊರಗೆ ನಿಲ್ಲಿಸುವ ಹಾಗಿಲ್ಲ. ಇದನ್ನು ತಂದೆತಾಯಿಗೆ ಬಾಯಲ್ಲೇ ಹೇಳಿ ಕಳಿಸು.

ನಾಯಕತ್ವ ಕಲಿಯೋಕೆ ಇದಕ್ಕಿಂತ ಬೇರೆ ಪಾಠ ಬೇಕಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಯಾರು ಬರ್ತಾರೆ? ಕತ್ತಲಾದ ಮೇಲೆ ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಕರೆಯಿರಿ. ಅದಕ್ಕೂ ಮೊದಲು ತಾಂಡಾದ ನಾಯಕ, ಕಾರಭಾರಿ ಇಬ್ಬರ ಮನೆಗೂ ಹೋಗಿ ಬಾ. ಸಭೆಯಲ್ಲಿ ನೀನು ಕಡಿಮೆ ಮಾತಾಡು, ಅಧ್ಯಕ್ಷರು ಜಾಸ್ತಿ ಮಾತಾಡಲಿ. ನಿನ್ನ ಓದಿನ ಪಟ್ಟಿ ಮುಖ್ಯಶಿಕ್ಷಕರ ಮೇಜಿನಲ್ಲೇ ಇರಲಿ, ನಿನ್ನ ಲ್ಯಾಪ್‌ಟಾಪಿನಲ್ಲಿ ಬೇಡ. ನೀನು ಹೋದಮೇಲೂ ಅದನ್ನು ತೆಗೆದು ನೋಡೋರು ಅವರೇ ಅಲ್ವಾ?

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದ ಹುಡುಗ ಹೊರಟುಹೋದ. ನನ್ನ ಮಗ ಎರಡು ದಿನ ಊಟ ಮಾಡಲಿಲ್ಲ. ಹೀಗೆ ಬಂದು ಹೋಗುವವರಿಂದ ಉಪಯೋಗ ಇದೆಯಾ?
— ಒಬ್ಬ ತಾಯಿ, ಔರಾದ್, ಬೀದರ್ ಜಿಲ್ಲೆ

ಉತ್ತರ: ಸ್ವಲ್ಪ ಇದೆ, ಅತಿ ಆಸೆ ಬೇಡ. ಅಮೆರಿಕದಲ್ಲಿ ಇಂಥ ಯುವ ಶಿಕ್ಷಕರ ಕ್ಲಾಸುಗಳ ಬಗ್ಗೆ 2004ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅವರ ಮಕ್ಕಳು ಗಣಿತದಲ್ಲಿ ಸುಮಾರು ಒಂದು ತಿಂಗಳ ಪಾಠದಷ್ಟು ಮುಂದಿದ್ದರು. ಓದಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪವಾಡವೂ ಇಲ್ಲ, ನಷ್ಟವೂ ಇಲ್ಲ.

ನನಗೆ ಸಿಟ್ಟು ಬರೋದು ಬೇರೆ ಕಡೆ. ಇಂಥ ಹುಡುಗರು ಬರ್ತಾರಲ್ಲ ಅಂತ ಖಾಲಿ ಹುದ್ದೆ ತುಂಬದೆ ಕೂರುವುದಿದೆಯಲ್ಲ, ಅದು ಮೋಸ. ಒಂದರಿಂದ ಐದನೇ ಕ್ಲಾಸಿಗೆ 30 ಮಕ್ಕಳಿಗೊಬ್ಬ ಶಿಕ್ಷಕ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದನ್ನು ಕೊಡಬೇಕಾದ್ದು ಸರ್ಕಾರ. ನಿಮ್ಮ ಶಾಲೆಗೆ ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಜನ ಇದ್ದಾರೆ, ಎಸ್‌ಡಿಎಂಸಿಯಲ್ಲಿ ಕೇಳಿ. ಆ ಹುಡುಗ ಏನೇನು ಮಾಡ್ತಿದ್ದ, ಈಗ ಅದನ್ನು ಯಾರು ಮಾಡ್ತಾರೆ ಅಂತಲೂ ಕೇಳಿ. ಮಗನಿಗೆ ಅವನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿಸಿ. ಹೊಸ ಟೀಚರ್ ಬಂದಮೇಲೆ ಹಳೆಯವರ ಜೊತೆ ಹೋಲಿಸಬೇಡಿ, ಮಕ್ಕಳ ಮುಂದಂತೂ ಬೇಡವೇ ಬೇಡ.

ಪ್ರಶ್ನೆ: ಜೂನ್‌ನಲ್ಲಿ ನಮ್ಮ ಹಳ್ಳಿಯ ಶಾಲೆಗೆ ಇಬ್ಬರು ಹೆಣ್ಣುಮಕ್ಕಳು ಹೀಗೆ ಪಾಠ ಮಾಡಲು ಬರ್ತಾರಂತೆ. ಊರಿನವರು ಏನು ಮಾಡಬೇಕು? ದೊಡ್ಡ ಸ್ವಾಗತ ಸಮಾರಂಭ ಇಟ್ಟುಕೊಂಡಿದ್ದೇವೆ.
— ಎಸ್‌ಡಿಎಂಸಿ ಅಧ್ಯಕ್ಷರು, ಶಹಾಪುರ ತಾಲೂಕು

ಉತ್ತರ: ಅಧ್ಯಕ್ಷರೇ, ಶಾಲು, ಹಾರ ಆಮೇಲೆ ಇರಲಿ. ಮೊದಲು ಪಾಯಿಖಾನೆ ಇರುವ ಒಂದು ಕೋಣೆ ನೋಡಿ, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿ. ಮನೆಯಲ್ಲಿ ಹೆಂಗಸರಿರುವ ಕಡೆಯೇ ಕೊಡಿಸಿ. ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ, ಕರೆಂಟ್ ಯಾವಾಗ ಹೋಗುತ್ತದೆ, ಇದನ್ನೆಲ್ಲ ಮೊದಲನೇ ದಿನವೇ ಹೇಳಿ. ರೊಟ್ಟಿ ಬಡಿಯೋಕೆ ಬರಲ್ಲ ಅಂದರೆ ನಗಬೇಡಿ, ತಿಂಗಳಿಗಿಷ್ಟು ಅಂತ ಮಾತಾಡಿ ಯಾರದಾದರೂ ಮನೆಯಲ್ಲಿ ಊಟಕ್ಕೆ ವ್ಯವಸ್ಥೆ ಮಾಡಿ. ಮತ್ತೆ ಪ್ರತಿ ಜಾತ್ರೆ, ಪ್ರತಿ ಮದುವೆಗೂ 'ಟೀಚರ್ ಬರಲೇಬೇಕ್ರಿ' ಅಂತ ಎಳೆದುಕೊಂಡು ಹೋಗಬೇಡಿ. ಭಾನುವಾರ ಅವರಿಗೂ ಬಟ್ಟೆ ಒಗೆಯೋದಿರುತ್ತದೆ.