ಊರ ಕೆರೆ ಹಾಳಾದರೆ ಹೊಣೆ ಸರ್ಕಾರದ್ದಾ, ನಮ್ಮದಾ?

ಕೋಲಾರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಇಬ್ಬರದೂ ಹೌದು, ಆದರೆ ಸಮಪಾಲಲ್ಲ. ಹೂಳು ತೆಗೆಸುವುದು, ಒತ್ತುವರಿ ಬಿಡಿಸುವುದು ಸರ್ಕಾರದ ಕೆಲಸ. ಆದರೆ ಕೆರೆಗೆ ನೀರು ತರುವ ಕಾಲುವೆ ಮುಚ್ಚಿ ಎರಡು ಸಾಲು ಟೊಮೆಟೊ ಜಾಸ್ತಿ ನಾಟಿ ಮಾಡಿದವರು ವಿಧಾನಸೌಧದಿಂದ ಬಂದವರಲ್ಲ, ಅಲ್ವಾ? ರಾತ್ರಿ ಹೊತ್ತು ಏರಿ ಮೇಲಿಂದ ಕೋಳಿ ಅಂಗಡಿಯ ಮೂಟೆ ಎಸೆಯುವವರೂ ಅಷ್ಟೇ.

ಹಿಂದೆ ಈ ಕಡೆ ನೀರುಗಂಟಿ ಅಂತ ಇರುತ್ತಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡುವುದು ಅವರ ಕೆಲಸ. ಕೂಲಿಯಾಗಿ ರೈತರು ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರು. ನೀರು ಬರದಿದ್ದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. (ಆ ದುಡಿಮೆ ಹೆಚ್ಚಾಗಿ ದಲಿತ ಕುಟುಂಬಗಳ ಮೇಲೇ ಬಿದ್ದಿತ್ತು. ಸುಮ್ನೆ ಹೊಗಳಿ ಕೂರುವಂತಿಲ್ಲ.) ಬೋರ್‌ವೆಲ್ ಬಂದ ಮೇಲೆ ನೀರು ಒಬ್ಬೊಬ್ಬರ ಸ್ವಂತದ್ದಾಯಿತು, ಕೆರೆ ಯಾರಿಗೂ ಬೇಡವಾಯಿತು.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರವೇ. ಅಲ್ಲಿ ಜನರ ಜವಾಬ್ದಾರಿ ಬಗ್ಗೆ ಭಾಷಣ ಬಿಗಿಯುವುದನ್ನು ನಾನು ಒಪ್ಪುವುದಿಲ್ಲ.

1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯ ಪ್ರಕಾರ ಕೆರೆ, ನದಿ ಕಾಪಾಡುವುದು ಪ್ರತಿಯೊಬ್ಬರ ಕರ್ತವ್ಯ. ಆದರೆ ಅದರಲ್ಲಿ ನೇರ ಶಿಕ್ಷೆ ಇಲ್ಲ. ಕೈಗೆ ಸಿಗುವ ದಾರಿ ಬೇರೆ: ಮಾಹಿತಿ ಹಕ್ಕಿನಲ್ಲಿ ಕೆರೆಯ ಸರ್ವೆ ನಕ್ಷೆ ಕೇಳಿ, ಗ್ರಾಮಸಭೆಯಲ್ಲಿ ಹರಡಿ ಇಡಿ. ಹೋಗುವ ಮುಂಚೆ ನಿಮ್ಮ ಹೊಲದ ಬದು ಎಲ್ಲಿದೆ ನೋಡಿಕೊಳ್ಳಿ. ಮೊದಲು ಕೇಳುವುದು ಅದನ್ನೇ.