ನೌಕಾಪಡೆಯವರ ಅಗ್ಗದ ಮನೆ: ಯಾರ ದುಡ್ಡು, ಎಂದಿನಿಂದ?

ನೀವು ಕೇಳಿರುವುದು ಇಷ್ಟು: "ನನ್ನ ಭಾವ ಇನ್ನೆರಡು ವರ್ಷದಲ್ಲಿ ನೌಕಾಪಡೆಯಿಂದ ನಿವೃತ್ತರಾಗುತ್ತಾರೆ. ಅಲ್ಲಿಯವರಿಗೆ ಸರ್ಕಾರ ಕಡಿಮೆ ಬೆಲೆಗೆ ಮನೆ ಕೊಡುತ್ತದಂತೆ, ನಿಜವೇ? ಈ ಪದ್ಧತಿ ಯಾವಾಗ ಶುರುವಾಯಿತು?"

ನಾನು ಹದಿನೈದು ವರ್ಷ ನಾವಿಕನಾಗಿದ್ದವನು. 1997ರಲ್ಲಿ ಹೊರಬಂದೆ, ಈಗ ದಾವಣಗೆರೆಯಲ್ಲಿದ್ದೇನೆ. ಸರ್ಕಾರ ಕೊಡುವುದು ಕ್ವಾರ್ಟರ್ಸ್ ಮಾತ್ರ. ಅದೂ ಸೇವೆಯಲ್ಲಿರುವ ತನಕ, ಅದೂ ಸರದಿ ಬಂದಾಗ. ನಿವೃತ್ತಿಯಾದ ಮೇಲಿನ ಮನೆಯನ್ನು ನಾವಿಕ ತನ್ನ ಸಂಬಳದಿಂದಲೇ ಕಟ್ಟಿಸಿಕೊಳ್ಳಬೇಕು. ನಡುವೆ ನಿಂತು ಜಾಗ ಹುಡುಕಿ, ಗುತ್ತಿಗೆದಾರನನ್ನು ಹಿಡಿದು, ಲಾಭವಿಲ್ಲದೆ ಹಂಚಿಕೊಡಲು ಒಂದು ಮಂಡಳಿ ಇದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಾವಿಕನ ಮನೆಗೆ ನಾವಿಕನದೇ ದುಡ್ಡು ಎಂಬ ಈ ಏರ್ಪಾಡು ಮಾತ್ರ ಮುನ್ನೂರು ವರ್ಷ ಹಳೆಯದು. ಅದು ಶುರುವಾದ ಕಡೆಯಿಂದಲೇ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1692ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಲಾ ಹೋಗ್ ಎಂಬಲ್ಲಿ ದೊಡ್ಡ ನೌಕಾಯುದ್ಧ ನಡೆಯಿತು. ಇಂಗ್ಲೆಂಡ್ ಗೆದ್ದಿತು. ಆದರೆ ಕೈಕಾಲು ಕಳೆದುಕೊಂಡು ದಡ ಸೇರಿದವರಿಗೆ ತಲೆ ಊರಲು ಜಾಗವಿರಲಿಲ್ಲ. ರಾಣಿ ಎರಡನೆಯ ಮೇರಿ, ಥೇಮ್ಸ್ ದಡದ ಗ್ರೀನಿಚ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಅರಮನೆಯನ್ನು ಅವರಿಗೆ ಬಿಟ್ಟುಕೊಡಬೇಕೆಂದಳು. 1694ರ ಅಕ್ಟೋಬರ್‌ನಲ್ಲಿ ಸನ್ನದು ಹೊರಟಿತು, ಡಿಸೆಂಬರ್‌ನಲ್ಲಿ ಮೇರಿ ಸಿಡುಬಿನಿಂದ ತೀರಿಕೊಂಡಳು. ಗಂಡ ಮೂರನೆಯ ವಿಲಿಯಂ ಅವಳ ನೆನಪಿಗಾಗಿ ಕೆಲಸ ಮುಂದುವರಿಸಿದ. ಸೇಂಟ್ ಪಾಲ್ ಚರ್ಚಿನ ಶಿಲ್ಪಿ ಕ್ರಿಸ್ಟೋಫರ್ ರೆನ್ ಸಂಭಾವನೆ ಪಡೆಯದೆ ನಕ್ಷೆ ಬರೆದುಕೊಟ್ಟ.

ಅರಮನೆ ಬಂತು, ನಕ್ಷೆ ಬಂತು; ದುಡ್ಡು? ದೊರೆ ವರ್ಷಕ್ಕೆ 2,000 ಪೌಂಡ್ ಕೊಡುವುದಾಗಿ ಒಪ್ಪಿದ್ದ, ಅಂಥ ಕಟ್ಟಡಕ್ಕೆ ಅದು ಯಾವ ಮೂಲೆಗೆ? ಹಾಗಾಗಿ 1696ರಲ್ಲಿ ಕಾನೂನು ಮಾಡಿ ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ 6 ಪೆನ್ಸ್ ಮುರಿದುಕೊಳ್ಳತೊಡಗಿದರು. ನುರಿತ ನಾವಿಕನಿಗೆ ಆಗ ತಿಂಗಳಿಗೆ 24 ಶಿಲ್ಲಿಂಗ್, ಅಂದರೆ 288 ಪೆನ್ಸ್. 48ರಲ್ಲಿ ಒಂದು ಪಾಲು ಹೋಯಿತು. ಈ ಕಡಿತ ಯುದ್ಧನೌಕೆಯವರಿಗಷ್ಟೇ ಅಲ್ಲ, ಸರಕು ಹಡಗಿನವರಿಗೂ ಇತ್ತು. ಅವರಲ್ಲಿ ಆ ಮನೆಯ ಬಾಗಿಲು ಕಂಡವರು ತೀರ ಕಡಿಮೆ. ಆದರೂ 1834ರವರೆಗೆ ಅವರು ದುಡ್ಡು ತೆರುತ್ತಲೇ ಇದ್ದರು.

ಇನ್ನೊಂದು ಆದಾಯದ ಕತೆ ನಮ್ಮ ಕಾರವಾರದವರಿಗೆ ಇಷ್ಟವಾದೀತು. ಕಡಲುಗಳ್ಳರನ್ನು ಹಿಡಿಯಲೆಂದು ಇಂಗ್ಲೆಂಡಿನ ದೊರೆಯ ಪರವಾನಗಿ ಪಡೆದು ಹೊರಟ ವಿಲಿಯಂ ಕಿಡ್ ಎಂಬ ಕಪ್ತಾನ 1697ರಲ್ಲಿ ಕಾರವಾರಕ್ಕೆ ಬಂದು ಲಂಗರು ಹಾಕಿದ್ದ, ನೀರು ಮತ್ತು ದಿನಸಿಗಾಗಿ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಆಗ ಅಲ್ಲಿತ್ತು. ಕಿಡ್‌ನ ನಡತೆ ಕಂಡು ಕೋಠಿಯವರಿಗೆ ಅನುಮಾನ ಬಂತು; ಅವನ ಕೆಲವು ಆಳುಗಳು ಅಲ್ಲೇ ಹಡಗು ಬಿಟ್ಟು ಓಡಿದರು. ಮರುವರ್ಷ ಮಲಬಾರ್ ಕರಾವಳಿಯಲ್ಲಿ ಅವನು ಕ್ವೆಡಾ ಮರ್ಚೆಂಟ್ ಎಂಬ ಶ್ರೀಮಂತ ಹಡಗನ್ನು ದೋಚಿದ. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಜಪ್ತಿಯಾದ ಅವನ ಸೊತ್ತಿನಿಂದ ಬಂದ ಆರು ಸಾವಿರಕ್ಕೂ ಹೆಚ್ಚು ಪೌಂಡನ್ನು 1705ರಲ್ಲಿ ಆನ್ ರಾಣಿ ಗ್ರೀನಿಚ್‌ನ ನಾವಿಕರ ಮನೆಗೆ ಕೊಟ್ಟುಬಿಟ್ಟಳು. ಅದೇ ವರ್ಷ ಮೊದಲ 42 ಮುದಿ ನಾವಿಕರು ಒಳಗೆ ಕಾಲಿಟ್ಟರು.

ಮಗಳು ಲಂಡನ್ನಿನಲ್ಲಿರುವುದರಿಂದ ಆ ಜಾಗವನ್ನು ನಾನು ನೋಡಿ ಬಂದಿದ್ದೇನೆ. ಊಟದ ಮನೆಯೆಂದು ಕಟ್ಟಿಸಿದ ಹಜಾರದ ಚಾವಣಿ ತುಂಬ ಜೇಮ್ಸ್ ಥಾರ್ನ್‌ಹಿಲ್ ಬಿಡಿಸಿದ ಚಿತ್ರಗಳಿವೆ. 1707ರಲ್ಲಿ ಶುರುಮಾಡಿ 1726ರಲ್ಲಿ ಮುಗಿಸಿದ. ಚಾವಣಿಗೆ ಚದರ ಗಜಕ್ಕೆ 3 ಪೌಂಡ್, ಗೋಡೆಗೆ 1 ಪೌಂಡ್ ಅವನ ಕೂಲಿ. ಕತ್ತೆತ್ತಿ ನೋಡುತ್ತ ಲೆಕ್ಕ ಹಾಕಿದೆ: ಪೌಂಡಿಗೆ 20 ಶಿಲ್ಲಿಂಗ್, ಅಂದರೆ ಚಾವಣಿಯ ಒಂದು ಚದರ ಗಜಕ್ಕೆ ಒಬ್ಬ ನಾವಿಕನ ಎರಡೂವರೆ ತಿಂಗಳ ಸಂಬಳ! ಚಿತ್ರ ಮುಗಿದ ಮೇಲೆ ಆ ಹಜಾರ ನಾವಿಕರ ಊಟಕ್ಕೆ ತೀರ ಭರ್ಜರಿಯಾಯಿತು ಎನ್ನಿಸಿತು. ಮುದುಕರು ಕೆಳಗಿನ ನೆಲಮಾಳಿಗೆಯಲ್ಲಿ ಉಂಡರು. ಮೇಲಿನದನ್ನು ನೋಡಬಂದವರಿಗೆ ಕಾಸು ಪಡೆದು ತೋರಿಸುತ್ತಿದ್ದರು. ಇಂಗ್ಲೆಂಡಿನ ಹೆಸರಾಂತ ನೌಕಾ ಸೇನಾಪತಿ ನೆಲಸನ್ ಸತ್ತ ಮೇಲೆ 1806ರ ಜನವರಿಯಲ್ಲಿ ಅವನ ಶವವನ್ನು ಸಾರ್ವಜನಿಕರ ದರ್ಶನಕ್ಕೆ ಇಟ್ಟದ್ದು ಅಲ್ಲೇ.

ನನಗೆ ಹೆಚ್ಚು ಹಿಡಿಸಿದ್ದು ನೆಲಮಾಳಿಗೆಯಲ್ಲಿರುವ ಹಳೆಯ ಆಟದ ಪಡಸಾಲೆ. ಮರದ ಗೂಟಗಳನ್ನು ಚೆಂಡು ಉರುಳಿಸಿ ಬೀಳಿಸುವ ಆಟ. ಚೆಂಡು ಯಾವುದೆಂದರೆ ಫಿರಂಗಿ ಅಭ್ಯಾಸಕ್ಕೆ ಬಳಸುತ್ತಿದ್ದ ಗಟ್ಟಿ ಮರದ ಗುಂಡು. ಎತ್ತಿ ನೋಡಿದೆ, ಮಣಿಕಟ್ಟು ನೋಯುವಷ್ಟು ಭಾರ. ಎಪ್ಪತ್ತರ ಮುದುಕರು ಇದನ್ನು ದಿನವಿಡೀ ಉರುಳಿಸುತ್ತಿದ್ದರೆಂದರೆ ಅವರಿಗೆ ಬೇರೆ ಮಾಡಲು ಏನೂ ಇರಲಿಲ್ಲ ಎಂದೇ ಅರ್ಥ.

ಹೊಟ್ಟೆಗೇನೂ ಕೊರತೆ ಮಾಡಿರಲಿಲ್ಲ. ರೊಟ್ಟಿ, ಮಾಂಸ, ಚೀಸ್, ದಿನಕ್ಕೆ ಎರಡು ಲೀಟರಿಗೂ ಮಿಕ್ಕಿ ಬಿಯರ್, ಮಲಗಲು ಮರದ ಗೂಡಿನಂಥ ಸ್ವಂತ ಕೋಣೆ, ತಂಬಾಕಿಗೆಂದು ವಾರಕ್ಕೆ ಒಂದು ಶಿಲ್ಲಿಂಗ್. ಕುಡಿದು ಗಲಾಟೆ ಮಾಡಿದವನು ಹಳದಿ ಕೋಟು ತೊಟ್ಟು ಎಲ್ಲರೆದುರು ತಿರುಗಬೇಕಿತ್ತು. ಆದರೆ ಹೆಂಡತಿ ಮಕ್ಕಳಿಗೆ ಪ್ರವೇಶವಿರಲಿಲ್ಲ. ಹೆಂಗಸರು ಅಲ್ಲಿ ಇರುವ ದಾರಿ ಒಂದೇ: ಗಂಡ ಸತ್ತ ಮೇಲೆ ದಾದಿಯಾಗಿ ಸೇರುವುದು. ನಾವಿಕರ ವಿಧವೆಯರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. 1814ರಲ್ಲಿ ನೆಪೋಲಿಯನ್ ಯುದ್ಧದ ಕೊನೆಗೆ ಅಲ್ಲಿ 2,710 ಮಂದಿ ಇದ್ದರು.

ದುಡ್ಡು ಸೇರಿದ ಕಡೆ ಇರುವೆ ಮುತ್ತುವುದೂ ಹಳೆಯದೇ. 1778ರಲ್ಲಿ ಅಲ್ಲಿನ ಉಪಗವರ್ನರ್ ಥಾಮಸ್ ಬೇಲಿ ಒಂದು ವರದಿ ಅಚ್ಚು ಹಾಕಿಸಿದ: ಸಮುದ್ರವನ್ನೇ ಕಾಣದವರಿಗೆ ಹುದ್ದೆ ಕೊಟ್ಟಿದ್ದಾರೆ, ನಾವಿಕರ ಕೋಣೆಗಳನ್ನು ಅಧಿಕಾರಿಗಳು ತಮ್ಮ ವಾಸಕ್ಕೆ ಸೇರಿಸಿಕೊಂಡಿದ್ದಾರೆ, ಬಿಯರಿಗೆ ನೀರು ಬೆರೆಸುತ್ತಿದ್ದಾರೆ ಎಂದು. ಅವನ ಮೇಲೇ ಮಾನನಷ್ಟದ ದಾವೆ ಬಿತ್ತು. ಆಗಷ್ಟೇ ವಕೀಲಿ ಶುರುಮಾಡಿದ್ದ, ಹಿಂದೆ ತಾನೂ ನೌಕಾಪಡೆಯಲ್ಲಿದ್ದ ಥಾಮಸ್ ಅರ್ಸ್ಕಿನ್ ಎಂಬವನು ವಾದಿಸಿ ದಾವೆಯನ್ನು ಬಿಡಿಸಿದ. ಅರ್ಸ್ಕಿನ್ ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದ. ಬೇಲಿಗೆ ಮಾತ್ರ ಕೆಲಸ ಹೋಯಿತು.

ಈ ಅರಮನೆಯನ್ನು ಮುಚ್ಚಿಸಿದ್ದು ಯಾವ ಹಗರಣವೂ ಅಲ್ಲ. 1865ರಲ್ಲಿ ನಾವಿಕರಿಗೆ ಆಯ್ಕೆ ಕೊಟ್ಟರು: ಇಲ್ಲೇ ಇರುತ್ತೀರಾ, ಅಥವಾ ಪಿಂಚಣಿ ತೆಗೆದುಕೊಂಡು ನಿಮ್ಮ ಊರಿಗೆ ಹೋಗುತ್ತೀರಾ? ಹೆಚ್ಚಿನವರು ಗಂಟು ಕಟ್ಟಿದರು. ಚಿತ್ರದ ಚಾವಣಿಗಿಂತ ಹೆಂಡತಿಯ ಕೈಯ ಊಟ, ಬಾಡಿಗೆಯದ್ದಾದರೂ ಸರಿ ಒಂದು ಕೋಣೆ ವಾಸಿ ಎನ್ನಿಸಿರಬೇಕು. 1869ರಲ್ಲಿ ಬಾಗಿಲು ಮುಚ್ಚಿತು. ಕೆಲ ವರ್ಷಗಳಲ್ಲೇ ಅದು ನೌಕಾ ಅಧಿಕಾರಿಗಳ ಕಾಲೇಜಾಯಿತು. ಆ ಹಳೆಯ ನಿಧಿ ಇನ್ನೂ ಇದೆ. ಈಗ ಅದು ವಯಸ್ಸಾದ ನಾವಿಕರಿಗೂ ಅವರ ಸಂಗಾತಿಗಳಿಗೂ ಸಣ್ಣ ಬಾಡಿಗೆ ಮನೆಗಳನ್ನು ನಡೆಸುತ್ತದೆ.

ಅಮೆರಿಕದವರು ಇದನ್ನೇ ನಕಲು ಮಾಡಿದರು. 1799ರಿಂದ ತಿಂಗಳಿಗೆ 20 ಸೆಂಟ್ ಮುರಿದು, ಫಿಲಡೆಲ್ಫಿಯಾದಲ್ಲಿ ಕಂಬಸಾಲಿನ ದೊಡ್ಡ ಮನೆ ಕಟ್ಟಿದರು. ಅದು 1976ರಲ್ಲಿ ಮಿಸಿಸಿಪ್ಪಿಯ ಕಡಲತಡಿಗೆ ಹೋಯಿತು, 2005ರ ಕತ್ರಿನಾ ಚಂಡಮಾರುತಕ್ಕೆ ಹಾಳಾಯಿತು, 2010ರಲ್ಲಿ ಮತ್ತೆ ತೆರೆಯಿತು.

ಇನ್ನು ನಮ್ಮ ಕಡೆಗೆ. ಮದುವೆಯಾದ ಹೊಸದರಲ್ಲಿ ನಾನು ವಿಶಾಖಪಟ್ಟಣದಲ್ಲಿದ್ದೆ. ನೌಸೇನಾ ಬಾಗ್‌ನಲ್ಲಿ ಕ್ವಾರ್ಟರ್ಸ್ ಸಿಗಲು ಸರದಿ ಕಾಯಬೇಕಿತ್ತು. ಅಲ್ಲಿಯ ತನಕ ಮಲ್ಕಾಪುರದಲ್ಲಿ ಒಂದು ಬಾಡಿಗೆ ಕೋಣೆ, ಮೇಲೆ ಸಿಮೆಂಟ್ ಶೀಟು. ಹಡಗು ತಿಂಗಳುಗಟ್ಟಲೆ ಹೊರಗಿದ್ದಾಗ ನನ್ನವಳು ತೆಲುಗು ಬಾರದೆ ನೀರಿನ ಸಾಲಿನಲ್ಲಿ ಕೈಸನ್ನೆಯಿಂದ ಜಗಳವಾಡುತ್ತಿದ್ದಳು. ಕೊನೆಗೆ ಕ್ವಾರ್ಟರ್ಸ್ ಕೈಗೆ ಬಂತು. ಏಳೇ ತಿಂಗಳಲ್ಲಿ ಕೊಚ್ಚಿಗೆ ವರ್ಗ. ಹೊಸ ಊರು, ಹೊಸ ಸರದಿ. ಈ ಕೊರತೆ ಮೂರೂ ಪಡೆಗಳಲ್ಲಿ ಎಷ್ಟಿತ್ತೆಂದರೆ, 2002ರಲ್ಲಿ ಸರ್ಕಾರ ವಿವಾಹಿತ ಸಿಬ್ಬಂದಿಗಾಗಿ ಸುಮಾರು 2 ಲಕ್ಷ ಮನೆಗಳ ಯೋಜನೆಯನ್ನೇ ಹಾಕಿಕೊಳ್ಳಬೇಕಾಯಿತು.

ನಿವೃತ್ತರ ಸಮಸ್ಯೆ ಬೇರೆ. ನಾವಿಕ ಮೂವತ್ತೈದರ ಆಸುಪಾಸಿಗೆ ಹೊರಬರುತ್ತಾನೆ. ಊರು ಬಿಟ್ಟು ವರ್ಷಗಳಾಗಿರುತ್ತವೆ, ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಭೂಸೇನೆಯವರು ತಮ್ಮ ವಸತಿ ಸಂಸ್ಥೆಯನ್ನು 1978ರಲ್ಲಿ ಕಟ್ಟಿಕೊಂಡರು. ವಾಯುಪಡೆ ಮತ್ತು ನೌಕಾಪಡೆ ಸೇರಿ 1980ರಲ್ಲಿ ಏರ್‌ಫೋರ್ಸ್ ನೇವಲ್ ಹೌಸಿಂಗ್ ಬೋರ್ಡ್ ಮಾಡಿದವು. ಅದು ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಒಂದು ಸಂಘ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬುದು ಅದರ ಸೂತ್ರ. ಸೇವೆಯಲ್ಲಿರುವವರು, ನಿವೃತ್ತರು, ಮೃತರ ಪತ್ನಿಯರು ಹೆಸರು ನೋಂದಾಯಿಸಬಹುದು. ಕಟ್ಟಡ ಏರಿದಂತೆ ಕಂತು ಕಟ್ಟಬೇಕು. ನೊಯಿಡಾ, ಮುಂಬೈಯ ಪೊವಾಯಿ, ಹೈದರಾಬಾದ್, ನಮ್ಮ ಬೆಂಗಳೂರಿನ ಕಮ್ಮನಹಳ್ಳಿಯಲ್ಲೆಲ್ಲ ನೀವು ಕಾಣುವ 'ಜಲವಾಯು ವಿಹಾರ'ಗಳು ಇದರವೇ. ಹೆಸರು ನೋಡಿ ಹವಾಮಾನ ಇಲಾಖೆಯವರ ಬಡಾವಣೆ ಎಂದುಕೊಂಡವರನ್ನು ನಾನು ಬಲ್ಲೆ. ಜಲ ಎಂದರೆ ನಾವು, ವಾಯು ಎಂದರೆ ಅವರು.

ನಾನು ಕೂಡ ಒಮ್ಮೆ ಅರ್ಜಿ ಹಾಕಿದ್ದೆ. ಮೊದಲ ಕಂತಿನ ಮೊತ್ತ ನೋಡಿ ಹೆಂಡತಿ ದಿನಸಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಕೂಡಿಸಿ ಕಳೆದಳು. ಎಂಟು ತಿಂಗಳ ಸಂಬಳ ಪೂರ್ತಿ ಬೇಕು. ಅವಳ ಬಳೆ ಅಡವಿಟ್ಟರೂ ಎರಡನೆಯ ಕಂತಿಗೆ ದಾರಿ ಕಾಣಲಿಲ್ಲ. ಅರ್ಜಿ ಹಿಂತೆಗೆದುಕೊಂಡು, ದಾವಣಗೆರೆಯಲ್ಲಿ ಅಪ್ಪ ಬಿಟ್ಟುಹೋಗಿದ್ದ ಮೂವತ್ತು-ನಲವತ್ತರ ನಿವೇಶನದಲ್ಲಿ ವರ್ಷಕ್ಕೊಂದು ಕೋಣೆಯಂತೆ ಎಬ್ಬಿಸಿದೆವು. ಇದನ್ನು ಹೇಳುವುದು ಯಾಕೆಂದರೆ, ಲಾಭವಿಲ್ಲದ ಬೆಲೆಯೂ ಬೆಲೆಯೇ. ನೆಲದ ದರ ನಾವಿಕನೆಂದು ರಿಯಾಯಿತಿ ಕೊಡುವುದಿಲ್ಲ. ಎರಡು ಸಂಬಳದ ಮನೆಯವರಿಗೆ ಸಲೀಸಾದ ಕಂತು, ಒಬ್ಬನೇ ದುಡಿಯುವ ನಾವಿಕನ ಕುತ್ತಿಗೆಗೆ ಬರುತ್ತದೆ. ನನ್ನ ಜೊತೆಗಾರನೊಬ್ಬ ಸಾಲಸೋಲ ಮಾಡಿ ಹೇಗೋ ಕಟ್ಟಿ ಮುಗಿಸಿದ. ಈಗ ಅವನ ಫ್ಲಾಟಿನ ಬೆಲೆ ಕೇಳಿದರೆ ನನಗೆ ಆ ರಾತ್ರಿ ನಿದ್ದೆ ತಡವಾಗುತ್ತದೆ, ಸುಳ್ಳೇಕೆ ಹೇಳಲಿ.

ಸೈನಿಕರ ಹೆಸರಿನಲ್ಲಿ ಏಳುವ ಕಟ್ಟಡವೆಲ್ಲ ಸೈನಿಕರದಲ್ಲ ಎಂಬುದೂ ನಿಮ್ಮ ಭಾವನವರಿಗೆ ಗೊತ್ತಿರಲಿ. ಮುಂಬೈಯ ಕೊಲಾಬಾದಲ್ಲಿ ಕಾರ್ಗಿಲ್ ಯೋಧರು ಮತ್ತು ವಿಧವೆಯರ ಹೆಸರು ಹೇಳಿಕೊಂಡು 31 ಅಂತಸ್ತು ಎದ್ದ ಆದರ್ಶ ಸೊಸೈಟಿಯಲ್ಲಿ ರಾಜಕಾರಣಿಗಳ ಬಂಧುಗಳೂ ಅಧಿಕಾರಿಗಳೂ ಮನೆ ಪಡೆದಿದ್ದರು. ಭದ್ರತೆಯ ಕಾರಣ ಕೊಟ್ಟು ಆಕ್ಷೇಪ ಎತ್ತಿದ್ದು ನೌಕಾಪಡೆಯ ಪಶ್ಚಿಮ ಕಮಾಂಡ್. 2010ರಲ್ಲಿ ಮುಖ್ಯಮಂತ್ರಿ ಅಶೋಕ್ ಚವಾಣ್ ರಾಜೀನಾಮೆ ಕೊಟ್ಟರು. ಇನ್ನು ಕೊಚ್ಚಿಯಲ್ಲಿ ಭೂಸೇನೆಯ ವಸತಿ ಸಂಸ್ಥೆ ಕಟ್ಟಿಸಿದ ಚಂದರ್ ಕುಂಜ್‌ನ ಎರಡು ಗೋಪುರಗಳು ವಾಸಕ್ಕೆ ಸುರಕ್ಷಿತವಲ್ಲ, ಕೆಡವಿ ಮತ್ತೆ ಕಟ್ಟಿ ಎಂದು ಕೇರಳ ಹೈಕೋರ್ಟ್ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಯಾರ ಬೋರ್ಡು ಇದ್ದರೂ ಕಾಗದಪತ್ರ, ಕಟ್ಟಡದ ಗುಣಮಟ್ಟ ಎರಡನ್ನೂ ನೋಡಿಯೇ ಕಾಸು ಬಿಚ್ಚಬೇಕು.

ಕಾರವಾರದ ಮಾತು ಎತ್ತಿದ್ದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ಯೋಜನೆಯ ನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಕಾರ್ಯಾರಂಭ ಮಾಡಿತು. ಈಗ ಅಲ್ಲಿ ನೌಕಾಪಡೆಯ ವಸತಿ ಗೋಪುರಗಳು ಏಳುತ್ತಿವೆ. 2024ರ ಮಾರ್ಚ್‌ನಲ್ಲಿ ಒಮ್ಮೆಗೇ 320 ಮನೆಗಳು ಉದ್ಘಾಟನೆಯಾದವು. ಮಲ್ಕಾಪುರದ ಶೀಟಿನ ಕೋಣೆ ಕಂಡ ನನಗೆ ಹೊಟ್ಟೆಕಿಚ್ಚಾಗುವಷ್ಟು ಒಳ್ಳೆಯ ಮನೆಗಳು. ಆದರೆ ಆ ನೆಲದಲ್ಲಿ ಮೊದಲೇ ಮನೆಗಳಿದ್ದವು. ಸಾವಿರಾರು ಮೀನುಗಾರ, ರೈತ ಕುಟುಂಬಗಳು ತೋಡೂರು, ಮುದಗೇರಿಯಂಥ ಪುನರ್ವಸತಿ ಕಾಲೊನಿಗಳಿಗೆ ಹೋದವು. ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವು. ನಾವಿಕರ ವಸತಿಯ ಇತಿಹಾಸ ಬರೆಯುವಾಗ ಅವರನ್ನು ಬಿಟ್ಟು ಬರೆಯಲು ನನ್ನ ಕೈ ಬಾರದು.

2022ರಿಂದ ಸೇರುತ್ತಿರುವ ಅಗ್ನಿವೀರರ ಲೆಕ್ಕ ಇನ್ನೂ ಬೇರೆ. ನಾಲ್ಕು ವರ್ಷ ಸೇವೆ, ಹೊರಬರುವವರಿಗೆ ಪಿಂಚಣಿ ಇಲ್ಲ. ತಿಂಗಳ ಸಂಬಳದ ಶೇ 30 ಮುರಿದು, ಅಷ್ಟನ್ನೇ ಸರ್ಕಾರ ಸೇರಿಸಿ, ಬಡ್ಡಿಯೊಂದಿಗೆ ಸುಮಾರು 11.71 ಲಕ್ಷ ರೂಪಾಯಿ ಕೈಗೆ ಕೊಡುತ್ತಾರೆ. ಇದನ್ನು ಓದಿದಾಗ ನನಗೆ ಗ್ರೀನಿಚ್‌ನ ಆರು ಪೆನ್ಸ್ ನೆನಪಾಯಿತು.

ನಿಮ್ಮ ಭಾವನವರು ಹಳೆಯ ಪದ್ಧತಿಯವರು, ಪಿಂಚಣಿ ಬರುತ್ತದೆ. ನಿವೃತ್ತಿಗೆ ಕಾಯದೆ ಈಗಲೇ ಬೋರ್ಡಿನ ಹೊಸ ಯೋಜನೆಗಳನ್ನು ವಿಚಾರಿಸಲಿ. ನೌಕಾಪಡೆಯ ಗುಂಪು ವಿಮಾ ನಿಧಿಯಿಂದ ಮನೆ ಸಾಲ ಎಷ್ಟು ಸಿಗುತ್ತದೆಂದು ಸೇವೆಯಲ್ಲಿರುವಾಗಲೇ ಕೇಳಿ ತಿಳಿದುಕೊಳ್ಳಲಿ. ಇನ್ನೊಂದು ಮಾತು. ಮನೆ ಯಾವ ಊರಿನಲ್ಲಿ ಬೇಕೆಂದು ನಿಮ್ಮ ಅಕ್ಕನವರನ್ನು ಯಾರಾದರೂ ಕೇಳಿದ್ದೀರಾ?