ಗ್ಲಿಂಕಾ ಟ್ಯಾರಂಟೆಲ್ಲಾದ ರಾಗ ಚೈಕೋವ್ಸ್ಕಿ ಸಿಂಫನಿಯಲ್ಲೂ ಇದೆಯಲ್ಲ?

ನಿಮ್ಮ ಕಿವಿ ಚುರುಕಾಗಿದೆ! ಮಗಳು ಪಿಯಾನೋದಲ್ಲಿ ಕಲಿಯುತ್ತಿರುವ, ರಷ್ಯಾದ ಸಂಗೀತಗಾರ ಗ್ಲಿಂಕಾ ಬರೆದ ಟ್ಯಾರಂಟೆಲ್ಲಾದ ರಾಗ ಅದೇ ದೇಶದ ಚೈಕೋವ್ಸ್ಕಿಯ ನಾಲ್ಕನೇ ಸಿಂಫನಿಯಲ್ಲೂ (ದೊಡ್ಡ ವಾದ್ಯವೃಂದದ ಕೃತಿ) ಕೇಳಿಸಿತು, ಯಾರು ಯಾರಿಂದ ಕದ್ದರು ಅಂತ ಕೇಳಿದ್ದೀರಿ. ಯಾರೂ ಕದ್ದಿಲ್ಲ. ಅದು 'ಹೊಲದಲ್ಲಿ ಬರ್ಚ್ ಮರ ನಿಂತಿತ್ತು' ಅನ್ನುವ ರಷ್ಯಾದ ಜನಪದ ಹಾಡು. ಅಲ್ಲಿ ಮಕ್ಕಳಿಗೂ ಗೊತ್ತು.

ಗ್ಲಿಂಕಾ 1830ರಲ್ಲಿ ಇಟಲಿಗೆ ಹೋಗಿ ಮೂರು ವರ್ಷ ಇದ್ದ. ಅಲ್ಲಿನ ಒಪೆರಾ ಸಂಗೀತಗಾರರಾದ ಬೆಲ್ಲಿನಿ, ಡೊನಿಜೆಟ್ಟಿ ಇಬ್ಬರ ಪರಿಚಯವೂ ಆಯಿತು. ಈ ಪುಟ್ಟ ಟ್ಯಾರಂಟೆಲ್ಲಾ ಬರೆದದ್ದು 1843ರಲ್ಲಿ. ಟ್ಯಾರಂಟೆಲ್ಲಾ ಅಂದರೆ ದಕ್ಷಿಣ ಇಟಲಿಯ ಬಿರುಸಿನ ಕುಣಿತ. ಜೇಡ ಕಚ್ಚಿದರೆ ಹೀಗೆ ಕುಣಿದು ವಿಷ ಇಳಿಸಬೇಕು ಅಂತ ಹಳೆಯ ನಂಬಿಕೆ ಬೇರೆ!

ಮಜಾ ಇರುವುದು ತಾಳದಲ್ಲಿ. ಮೂಲ ಹಾಡು ಎರಡೆರಡು ಎಣಿಕೆಯದು. ಗ್ಲಿಂಕಾ ಅದನ್ನು 6/8ಕ್ಕೆ, ಅಂದರೆ ಮೂರು ಮೂರರಂತೆ ಆರು ಎಣಿಕೆಗೆ ಹಾಕಿದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ತಿಶ್ರ ನಡೆ: ತಕಿಟ, ತಕಿಟ. ರಾಗ ಮಾತ್ರ ಹಾಗೇ ಮೈನರ್‌ನಲ್ಲಿ (ಪಾಶ್ಚಾತ್ಯ ಸಂಗೀತದ ವಿಷಾದದ ಛಾಯೆಯ ಸ್ವರಶ್ರೇಣಿ) ಕೆಳಗಿಳಿಯುತ್ತದೆ. ಕಾಲು ಇಟಲಿಯಲ್ಲಿ, ಮನಸ್ಸು ರಷ್ಯಾದಲ್ಲಿ. ನನಗಂತೂ ಸಿಂಫನಿಯ ಅಬ್ಬರಕ್ಕಿಂತ ಇದೇ ಜಾಸ್ತಿ ಇಷ್ಟ.

ಚೈಕೋವ್ಸ್ಕಿ ಅದೇ ಹಾಡನ್ನು ಸಿಂಫನಿಯ ಕೊನೆಯ ಭಾಗದಲ್ಲಿ ಬಳಸಿದ್ದು ಗ್ಲಿಂಕಾ ತೀರಿಕೊಂಡು ಸುಮಾರು ಇಪ್ಪತ್ತು ವರ್ಷದ ನಂತರ. ನಡುವೆ 1858ರಲ್ಲಿ ರಷ್ಯಾದ ಇನ್ನೊಬ್ಬ ಸಂಗೀತಗಾರ ಬಾಲಾಕಿರೆವ್ ಕೂಡ ಬಳಸಿದ್ದ.

ಮಗಳಿಗೆ ಒಂದು ಮಾತು ಹೇಳಿ. ಆರು ಎಣಿಸುವುದು ಬೇಡ, ಒಂದು ಬಾರ್‌ಗೆ (ಆರು ಎಣಿಕೆಯ ಒಂದು ಸುತ್ತಿಗೆ) ಎರಡೇ ಪೆಟ್ಟು ಅಂದುಕೊಳ್ಳಲಿ. ಮೊದಲು ನಿಧಾನವಾಗಿ. ಸುಮ್ನೆ ಓಡಿಸಿದರೆ ಎಡಗೈ ಹಿಂದೆ ಬೀಳುತ್ತದೆ.